ಅಂಗೈ ಅಂಚಿನ ಹಲ್ಲುಗುರುತು

2024ರ ನವೆಂಬರ್ 12, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.

"ಕಚ್ಚಿದ್ದೂ ನಾನೇಯ, ತಳ್ಳಿದ್ದೂ ನಾನೇಯ. ಇನ್ನೇನವ್ವಾ ಬೇಕು ನಿಮ್ಗೆ?"

ಸಬ್ ಇನ್ಸ್‌ಪೆಕ್ಟರ್ ನಯನಾ ಬರೆಯುತ್ತಿದ್ದವಳು ತಲೆಯೆತ್ತಿದಳು.

"ಕಚ್ಚಿದ್ದು ಅಂದ್ರಲ್ಲ, ಎಲ್ಲಿಗೆ?"

"ಕೈಗೆ. ಇಗೋ, ಇಲ್ಲಿ." ಕೆಂಪಯ್ಯ ತನ್ನ ಕಿರುಬೆರಳಿನ ಕೆಳಗೆ, ಅಂಗೈಯ ಅಂಚನ್ನು ಮುಟ್ಟಿ ತೋರಿಸಿದ. ಮೂವತ್ತು ವರ್ಷ ಬಿಸಿನೀರಿನಲ್ಲಿ ರೇಷ್ಮೆಗೂಡು ಕಲಕಿದ ಬೆರಳುಗಳು ಅವು. ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ ಹೋಗಿದ್ದವು.

ನಯನಾ ಪೆನ್ನು ಕೆಳಗಿಟ್ಟಳು.

ಹಳೆಯ ಹೆದ್ದಾರಿಯ ಪಕ್ಕದ ಬಿಳಿಮುತ್ತು ದಂತಾಲಯದಲ್ಲಿ ಡಾಕ್ಟರ್ ಮಹೇಂದ್ರ ಸತ್ತು ಬಿದ್ದಿದ್ದು ಗೊತ್ತಾದದ್ದು ಶನಿವಾರ ಬೆಳಿಗ್ಗೆ, ರಿಸೆಪ್ಷನಿಸ್ಟ್ ಇಕ್ರಾ ಬಂದು ಬಾಗಿಲು ತೆಗೆದಾಗ. ಹಿಂದಿನ ಕೋಣೆಯಲ್ಲಿ, ಕಂಪ್ರೆಸರಿನ ಕಬ್ಬಿಣದ ಮೂಲೆಗೆ ತಲೆ ಬಡಿದು, ಹಿಂದಿನ ಸಂಜೆಯೇ ಪ್ರಾಣ ಹೋಗಿತ್ತು. ಬಲಗೈ ಅಂಚಿನಲ್ಲಿ ಹಲ್ಲುಗುರುತಿತ್ತು. ಆ ಕೈಗೆ ಕಾಗದದ ಚೀಲ ಕಟ್ಟಿದವಳು ನಯನಾ. ಗುರುತಿನ ಸುದ್ದಿ ಹೊರಗೆ ಹೋಗಬಾರದೆಂದು ಎಲ್ಲರಿಗೂ ಹೇಳಿದವಳೂ ಅವಳೇ. ಪತ್ರಿಕೆಗಳಲ್ಲಿ ಅದರ ಬಗ್ಗೆ ಒಂದಕ್ಷರ ಬಂದಿರಲಿಲ್ಲ.

ಕೆಂಪಯ್ಯ ಬೆರಳಿಟ್ಟು ತೋರಿಸಿದ್ದು ಅದೇ ಜಾಗವನ್ನು.

"ಮುಗೀತಲ್ಲ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ದೇವರಾಜು, ಗೋಡೆಗೆ ಒರಗಿ ನಿಂತಲ್ಲಿಂದಲೇ. "ಮೂರು ಗಂಟೆಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಸೋಕೆ ಸಾಹೇಬ್ರು ಟೈಮ್ ತಗೊಂಡವ್ರೆ. ಅಲ್ಲೂ ಇದನ್ನೇ ಹೇಳಿದ್ರೆ ನಾವು ಗೆದ್ದಂಗೆ."

"ಹೇಳ್ತೀನಿ ಸಾರ್," ಎಂದ ಕೆಂಪಯ್ಯ, ಪಾಠ ಒಪ್ಪಿಸುವವನ ಹಾಗೆ.

"ಯಾಕೆ ಕಚ್ಚಿದ್ರಿ?" ನಯನಾ ಕೇಳಿದಳು.

"ಕ್ವಾಪ."

"ಕೋಪ ಬಂದ್ರೆ ಗಂಡಸರು ಹೊಡೀತಾರೆ. ಅವನ ಕೈ ನಿಮ್ಮ ಬಾಯಿಗೆ ಹೇಗೆ ಬಂತು?"

ಕೆಂಪಯ್ಯ ದೇವರಾಜುವಿನ ಕಡೆ ನೋಡಿದ. ಆಮೇಲೆ ನೆಲ ನೋಡಿದ.

ಕೋಪಕ್ಕೇನೂ ಕಾರಣ ಕಡಿಮೆಯಿರಲಿಲ್ಲ. ಅವನ ಮಗಳು ನವ್ಯಶ್ರೀಯ ಮುಂದಿನ ಹಲ್ಲುಗಳು ಚಿಕ್ಕಂದಿನಿಂದ ಕಂದು. ಅಜ್ಜಿಯ ಊರಿನ ಬೋರ್‌ವೆಲ್ ನೀರು ಕುಡಿದು ಬೆಳೆದ ಮಗು. ನೀರಿನಲ್ಲಿದ್ದ ಫ್ಲೋರೈಡ್ ಹಲ್ಲಿನೊಳಗೇ ಕೂತಿತ್ತು. ಕನಕಪುರದ ನಟರಾಜು ಎಂಬುವನ ಜೊತೆ ಮದುವೆ ಗೊತ್ತಾದ ಮೇಲೆ ಅವಳನ್ನು ಬಿಳಿಮುತ್ತಿಗೆ ಕರೆದುಕೊಂಡು ಹೋದವನು ಕೆಂಪಯ್ಯನೇ. ಸ್ಮೈಲ್ ಡಿಸೈನ್ ಎಂದರು. ಹಲ್ಲಿನ ಮೇಲೆ ಪಿಂಗಾಣಿಯ ತೆಳು ಪದರ ಅಂಟಿಸಿದರೆ ಸಿನಿಮಾದವರ ಹಾಗೆ ನಗಬಹುದು ಎಂದರು.

ಮುಂದಿನ ವಾರ ಬಸ್ ನಿಲ್ದಾಣದ ಎದುರು ಒಂದು ಫ್ಲೆಕ್ಸ್ ಎದ್ದಿತು. ಎಡಕ್ಕೆ 'ಮೊದಲು', ಬಲಕ್ಕೆ 'ನಂತರ'. ಕಣ್ಣಿಗೆ ಕಪ್ಪು ಪಟ್ಟಿ ಎಳೆದಿದ್ದರು. ಆದರೆ ಹಲ್ಲುಗಳು ಒಂದೊಂದೂ ಮೊರದಗಲ. ನೋಡಿದವರಿಗೆಲ್ಲ ಅದು ಯಾರೆಂದು ಗೊತ್ತಾಯಿತು. ನಟರಾಜುವಿನ ತಾಯಿಗೂ ಗೊತ್ತಾಯಿತು. ಹುಟ್ಟುವ ಮಕ್ಕಳಿಗೂ ಹೀಗೇ ಬಂದರೆ ಏನು ಗತಿ ಎಂದು ಆಕೆ ಕೇಳಿದಳು. ನೀರಿನಿಂದ ಬಂದ ಬಣ್ಣ ರಕ್ತದಲ್ಲಿ ಹರಿಯುವುದಿಲ್ಲ ಎಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಮದುವೆ ಮುರಿಯಿತು.

ಶುಕ್ರವಾರ ಸಂಜೆ ಕೆಂಪಯ್ಯ ಕುಡುಗೋಲು ಹಿಡಿದು ಮನೆ ಬಿಟ್ಟದ್ದನ್ನು ಬೀದಿಯೆಲ್ಲ ನೋಡಿತ್ತು. ಈಗ ಆ ಫ್ಲೆಕ್ಸಿನಲ್ಲಿ ಎಡಭಾಗ ಇಲ್ಲ. ಕಂದು ಹಲ್ಲುಗಳನ್ನು ಮಾತ್ರ ಕೊಯ್ದು ಒಯ್ದಿದ್ದ. ಬಿಳಿಯ ನಗು ಇನ್ನೂ ಗಾಳಿಗೆ ಪಟಪಟ ಎನ್ನುತ್ತ ನೇತಾಡುತ್ತಿತ್ತು.

ಅಷ್ಟು ಹುಷಾರಾಗಿ ಅರ್ಧ ಮಾತ್ರ ಕೊಯ್ದವನು ಅಲ್ಲಿಂದ ನೇರ ಹೋಗಿ ಒಬ್ಬನನ್ನು ಕೊಂದನೇ? ಕೊಂದಿರಬಹುದು. ಮನುಷ್ಯರು ಎರಡನ್ನೂ ಮಾಡುತ್ತಾರೆ. ಆದರೂ ನಯನಾಳಿಗೆ ಸಮಾಧಾನವಾಗಲಿಲ್ಲ. ಕಾಲೇಜಿನಲ್ಲಿ ಮೂರು ವರ್ಷ ರಸಾಯನಶಾಸ್ತ್ರ ಓದಿದವಳು. ಬಂದ ಉತ್ತರ ತನಗೆ ಬೇಕಾದಷ್ಟೇ ಚೆನ್ನಾಗಿದ್ದರೆ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡಬೇಕೆಂದು ಅಲ್ಲಿ ಕಲಿತಿದ್ದಳು.

"ಇವರಿಗೆ ತಿಂಡಿ ತರಿಸಿ," ಎಂದು ಹೇಳಿ ಜೀಪಿನ ಕೀಲಿ ತೆಗೆದುಕೊಂಡಳು.

"ಎಲ್ಲಿಗೆ ಮೇಡಂ? ಮೂರು ಗಂಟೆಗೆ..."

"ಮೂರು ಗಂಟೆಗೆ ಇನ್ನೂ ಟೈಮಿದೆ ದೇವರಾಜು."

*

ಸರ್ಕಾರಿ ಆಸ್ಪತ್ರೆಯ ದಂತವೈದ್ಯ ಡಾಕ್ಟರ್ ಅಶ್ವಥ್, ಹೊರಗೆ ಸಾಲು ನಿಂತ ರೋಗಿಗಳನ್ನು ಹತ್ತು ನಿಮಿಷ ಕಾಯಲು ಹೇಳಿ, ಫೋಟೋಗಳನ್ನು ಮೇಜಿನ ಮೇಲೆ ಹರಡಿದ.

"ಒಪ್ಕೊಂಡಿದ್ದಾನೆ ಅಂತ ಕೇಳಿದೆ. ಮತ್ಯಾಕೆ ಬಂದ್ರಿ?"

"ಈ ಗುರುತು ಅವನದೇನಾ ಅಂತ ಹೇಳ್ತೀರಾ?"

"ಇಲ್ಲ. ಹೇಳೋ ಡಾಕ್ಟರ್ ಯಾರಾದ್ರೂ ಸಿಕ್ಕಿದ್ರೆ ಅವರನ್ನ ನೀವು ನಂಬಲೂ ಬೇಡಿ." ಅಶ್ವಥ್ ಕನ್ನಡಕ ಒರೆಸಿಕೊಂಡ. "ಚರ್ಮ ಅಂದ್ರೆ ಮೇಣ ಅಲ್ಲ. ಎಳೆದ್ರೆ ಹಿಗ್ಗುತ್ತೆ, ಸತ್ತ ಮೇಲೆ ಕುಗ್ಗುತ್ತೆ. ಇಂಥವರೇ ಕಚ್ಚಿದ್ದು ಅಂತ ಹೇಳೋಕಾಗಲ್ಲ. ಇಂಥವರು ಕಚ್ಚಿರೋಕೆ ಸಾಧ್ಯವಿಲ್ಲ ಅಂತ ಬೇಕಾದ್ರೆ ಹೇಳಬಹುದು. ಅಷ್ಟೇ ನಮ್ಮ ವಿದ್ಯೆ."

"ಅಷ್ಟೇ ಸಾಕು."

"ಹಾಗಾದ್ರೆ ನೋಡಿ." ಪೆನ್ಸಿಲ್ಲಿನ ತುದಿ ಫೋಟೋದ ಮೇಲೆ ಓಡಿತು. "ಮೇಲ್ದವಡೆ ಹಲ್ಲು ಬಿದ್ದಿರೋದು ಕೈಯ ಹಿಂಭಾಗದಲ್ಲಿ. ಆರು ಹಲ್ಲು, ಪಕ್ಕಪಕ್ಕದಲ್ಲಿ, ಅಂಚು ನೆಟ್ಟಗಿದೆ, ಸಂದಿಲ್ಲ. ಕೆಳದವಡೆದು ಅಂಗೈ ಕಡೆ. ಅಂದ್ರೆ ಕೈಯ ಅಂಚು ಪೂರ್ತಿ ಬಾಯೊಳಗೆ ಹೋಗಿದೆ. ಮಧ್ಯದಲ್ಲಿ ಮೂಳೆ ಇದೆ, ಅದನ್ನ ಅಮುಕೋಕಾಗಲ್ಲ. ಆ ಜಾಗದಲ್ಲಿ ಕೈ ದಪ್ಪ ಮೂವತ್ತೊಂದು ಮಿಲಿಮೀಟರ್."

"ಬಾಯಿ ಮುಚ್ಚೋಕೆ ಹೋದ ಕೈ."

"ಹೌದು. ಯಾರೋ ಕೂಗ್ತಿದ್ರು, ಇವನು ಬಾಯಿ ಒತ್ತಿ ಹಿಡಿದ. ಹೆಂಗಸಾಗಿರಬಹುದು, ಗಂಡಸಾಗಿರಬಹುದು."

ನಯನಾ ಮನಸ್ಸಿನಲ್ಲಿದ್ದ ಅನುಮಾನವನ್ನು ಬಾಯಿಬಿಟ್ಟು ಹೇಳಿದಳು. "ಕೆಂಪಯ್ಯನ ಮಗಳಿಗೆ ಹೊಸ ಹಲ್ಲು ಕೂರಿಸಿದ್ದಾರೆ. ನೆಟ್ಟಗಿರೋವು, ಸಂದಿಲ್ಲದವು."

ಅಶ್ವಥ್ ಪೆನ್ಸಿಲ್ ಕೆಳಗಿಟ್ಟ. "ವೆನೀರ್, ಅಂದ್ರೆ ಆ ಪಿಂಗಾಣಿ ಪದರ, ಒಳ್ಳೆ ಚಿಕಿತ್ಸೆ ನಯನಾ ಅವ್ರೇ. ಬಣ್ಣ ಕೆಟ್ಟ ಹಲ್ಲಿಗೆ ಅದಕ್ಕಿಂತ ಚೆಂದದ್ದಿಲ್ಲ. ಅರ್ಧ ಮಿಲಿಮೀಟರ್ ಉಜ್ಜಿದ್ರೆ ಸಾಕು, ಹಲ್ಲು ಹಲ್ಲಾಗೇ ಉಳಿಯುತ್ತೆ. ಆದ್ರೆ ಕೂರಿಸೋಕೆ ತಾಳ್ಮೆ ಬೇಕು. ಆ ಹುಡುಗಿ ಬಾಯಿ ನೀವು ನೋಡಿದೀರಾ?"

"ಇಲ್ಲ. ಯಾವಾಗ ನೋಡಿದ್ರೂ ಮಾಸ್ಕ್ ಹಾಕ್ಕೊಂಡಿರ್ತಾಳೆ."

"ಮೊದಲು ನೋಡಿ. ಎರಡು ಗಂಟೆಗೆ ಅಚ್ಚು ತೆಗೆಯೋ ಸಾಮಾನು ತಗೊಂಡು ಠಾಣೆಗೆ ಬರ್ತೀನಿ. ಇಬ್ಬರದೂ ತೆಗೆಯೋಣ."

*

ರಾಮನಗರದ ಆ ಬೀದಿಗೆ ಕಾಲಿಡುವ ಮೊದಲೇ ವಾಸನೆ ಬಂದು ಮೂಗಿಗೆ ಹತ್ತಿತು. ಬೆಂದ ರೇಷ್ಮೆಹುಳದ ವಾಸನೆ. ಎರಡೂ ಕಡೆಯ ಮನೆಗಳ ಮುಂದೆ ಬಾಣಲೆಗಳಲ್ಲಿ ಗೂಡು ಕುದಿಯುತ್ತಿತ್ತು, ಎಳೆಗಳು ಚಕ್ರಕ್ಕೆ ಏರುತ್ತಿದ್ದವು.

ಕೆಂಪಯ್ಯನ ಪಕ್ಕದ ಬಾಣಲೆಯ ರೋಶನ್ ಬೀ ನಯನಾ ಕರವಸ್ತ್ರ ತೆಗೆದದ್ದನ್ನು ನೋಡಿ ನಕ್ಕಳು. ಕೆನ್ನೆಯಲ್ಲಿ ಅಡಿಕೆಯ ಉಂಡೆ ಉಬ್ಬಿತ್ತು.

"ಬಾಯಿಗೆ ಒಸಿ ಅಡಿಕೆ ಹಾಕ್ಕೊ ಮೇಡಂ. ಇಲ್ದಿದ್ರೆ ಈ ಹುಳದ ಗಬ್ಬಿಗೆ ನಿಲ್ಲಕ್ಕಾಗಲ್ಲ. ಪೊಲೀಸ್ ಆದ್ರೇನು, ಮೂಗು ಮೂಗೇ ಅಲ್ವಾ?"

"ಬೇಡಮ್ಮ. ನವ್ಯಶ್ರೀ ಇದಾಳಾ?"

"ಅವ್ಳೆ, ಒಳಗೆ. ಅರೇ ಮೇಡಂ, ಒಂದ್ ಮಾತು ಕೇಳು. ಆಯಪ್ಪ ಕೊಲೆ ಮಾಡ್ತಾನಾ? ಬಾಣಲೇಗೆ ಹುಳ ಸುರಿಯೋವಾಗ 'ರೋಶನಕ್ಕಾ, ಬಿಸ್ಮಿಲ್ಲಾ ಅಂದ್ಯಾ' ಅಂತ ನಂಗೇ ನೆನಪು ಮಾಡೋನು! ಯಾ ಅಲ್ಲಾ, ಅವನನ್ನ ಕೊಲೆಗಾರ ಅಂತೀರಲ್ಲ."

"ಅವರೇ ಹಾಗಂತಾರೆ."

"ಅವ್ನ್ ಹೇಳ್ತಾನೆ, ನೀವ್ ಬರ್ಕೊಳ್ತೀರಾ? ಒಳ್ಳೆ ಪೊಲೀಸ್!"

ಬೈಗುಳವನ್ನು ಬೆನ್ನಿಗೆ ಅಂಟಿಸಿಕೊಂಡೇ ನಯನಾ ಒಳಗೆ ಹೋದಳು.

ನವ್ಯಶ್ರೀ ಕಿಟಕಿಯ ಬಳಿ ಕೂತಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ಬಿ.ಕಾಂ. ಮುಗಿಸಿದವಳು. ನೀಲಿ ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ.

"ಅಪ್ಪ ಊಟ ಮಾಡಿದ್ರಾ?"

"ತಿಂಡಿ ತರಿಸೋಕೆ ಹೇಳಿ ಬಂದೆ."

"ಕೊಲೆ ಕೇಸಿನವರಿಗೂ ತಿಂಡಿ ಕೊಡ್ತೀರಾ? ಪರವಾಗಿಲ್ಲ."

"ಶುಕ್ರವಾರ ಸಂಜೆ ನೀನೆಲ್ಲಿದ್ದೆ ನವ್ಯಾ?"

"ಇಲ್ಲೇ. ನಾನೆಲ್ಲಿಗೆ ಹೋಗ್ಲಿ? ಬಸ್ ಸ್ಟಾಂಡಲ್ಲಿ ಆಗಲೇ ಇದ್ದೆನಲ್ಲ, ಹತ್ತಡಿ ಎತ್ತರಕ್ಕೆ."

ನಯನಾ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. "ಮಾಸ್ಕ್ ತೆಗೀತೀಯಾ?"

"ಯಾಕೆ?"

"ನಿನ್ನ ಹಲ್ಲು ನೋಡಬೇಕು."

"ಎಲ್ಲರಿಗೂ ನನ್ನ ಹಲ್ಲೇ ಬೇಕು ನೋಡಿ." ಧ್ವನಿಯಲ್ಲಿ ನಗುವಿನಂಥದೇನೋ ಇತ್ತು, ನಗು ಇರಲಿಲ್ಲ. "ಗಂಡಿನ ಕಡೆಯವರಿಗೆ ಬೇಕಿತ್ತು, ಡಾಕ್ಟರಿಗೆ ಬೇಕಿತ್ತು, ಫ್ಲೆಕ್ಸ್ ಅಂಗಡಿಯವನಿಗೆ ಬೇಕಿತ್ತು. ಈಗ ಪೊಲೀಸಿನವರಿಗೆ."

"ನೀನು ತೋರಿಸದಿದ್ರೆ ನಿಮ್ಮಪ್ಪ ಮೂರು ಗಂಟೆಗೆ ಮ್ಯಾಜಿಸ್ಟ್ರೇಟ್ ಮುಂದೆ ಕೊಲೆ ಒಪ್ಕೋತಾರೆ. ಆಮೇಲೆ ನಾನೇನು ಮಾಡಿದ್ರೂ ಅದನ್ನ ಅಳಿಸೋದು ಕಷ್ಟ."

ಹುಡುಗಿಯ ಕಣ್ಣು ತುಂಬಿತು. ಬಾಗಿಲ ಕಡೆಗೊಮ್ಮೆ ನೋಡಿ, ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು.

ನಯನಾ ಹೆಣಗಳನ್ನು ನೋಡಿದವಳು. ಆದರೂ ಒಂದು ಕ್ಷಣ ಮುಖ ತಿರುಗಿಸಬೇಕೆನ್ನಿಸಿತು.

ಮೇಲ್ಗಡೆಯ ಎಂಟು ಹಲ್ಲುಗಳ ಜಾಗದಲ್ಲಿ ಎಂಟು ಮೊಳೆಗಳಂಥ ಕಡ್ಡಿಗಳಿದ್ದವು. ಹಳದಿ, ಚೂಪು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಕಾಳು ತೂರುವಷ್ಟು ಸಂದಿ. ಸುತ್ತಲಿನ ವಸಡು ಬಾತು ಕೆಂಪಗಾಗಿತ್ತು.

"ತೆಳು ಪದರ ಅಂದಿದ್ರು," ನವ್ಯಶ್ರೀ ಕೈ ಅಡ್ಡ ಹಿಡಿದು ಮಾತಾಡಿದಳು. ಗಾಳಿ ತಗುಲಿದರೂ ನೋಯುತ್ತಿರಬೇಕು. "ಮಲಗಿಸಿ ಉಜ್ಜೋಕೆ ಶುರು ಮಾಡಿದ್ರು. ಉಜ್ಜಿದ್ರು, ಉಜ್ಜಿದ್ರು. ಎದ್ದು ಕನ್ನಡಿ ನೋಡಿದ್ರೆ ಹಿಂಗೆ. ವೆನೀರ್ ಸೆಟ್ ಆಗಲ್ಲ, ಕ್ಯಾಪ್ ಹಾಕ್ತೀನಿ ಅಂತ ಟೆಂಪರರಿ ಅಂಟಿಸಿದ್ರು. ಅದು ಶುಕ್ರವಾರ ಮಧ್ಯಾಹ್ನ ಒಟ್ಟಿಗೆ ಕಳಚಿ ಕೈಗೆ ಬಂತು."

"ಮತ್ತೆ ಫ್ಲೆಕ್ಸಲ್ಲಿ ಇದ್ದದ್ದು? ಆ ಬಿಳಿ ಹಲ್ಲು?"

"ಅದು ಕಂಪ್ಯೂಟರಲ್ಲಿ ಮಾಡಿದ್ದು ಮೇಡಂ. ಆ ನಗು ನಂಗೆ ಯಾವತ್ತೂ ಇರಲಿಲ್ಲ."

ಹೊರಗೆ ಚಕ್ರಗಳು ಕರಕರ ತಿರುಗುತ್ತಿದ್ದವು.

"ಶುಕ್ರವಾರ ಮಧ್ಯಾಹ್ನ ಬಿದ್ದದ್ದು ಅಂತ ಏನು ಗ್ಯಾರಂಟಿ?"

ನವ್ಯಶ್ರೀ ಫೋನ್ ತೆಗೆದುಕೊಟ್ಟಳು. ಇಕ್ರಾಗೆ ಕಳಿಸಿದ ವಿಡಿಯೋ. ಅದೇ ಕಡ್ಡಿಗಳು, ಅಂಗೈಯಲ್ಲಿ ಕಳಚಿ ಬಿದ್ದ ಪ್ಲಾಸ್ಟಿಕ್ ಹಲ್ಲಿನ ಸಾಲು, ಅಳು. ಕಳಿಸಿದ್ದು ಶುಕ್ರವಾರ ಮೂರು ಮುಕ್ಕಾಲಿಗೆ. ನಯನಾ ಅಲ್ಲಿಂದಲೇ ಇಕ್ರಾಗೆ ಫೋನ್ ಮಾಡಿದಳು.

"ಬಂತು ಮೇಡಂ," ಇಕ್ರಾ ಅಂದಳು. "ಸರ್‌ಗೆ ತೋರಿಸಿದೆ. ಸೋಮವಾರ ಬಾ ಅಂತ ಹೇಳು ಅಂದ್ರು. ಆಮೇಲೆ ನಂಗೆ ಬೇಗ ಮನೆಗೆ ಹೋಗು ಅಂದ್ರು, ಯಾರೋ ಮಾತಾಡೋಕೆ ಬರ್ತಾರೆ ಅಂತ. ಯಾರು ಅಂತ ಹೇಳಲಿಲ್ಲ."

ಫೋನ್ ಇಟ್ಟ ನಯನಾಳ ಕಣ್ಣ ಮುಂದೆ ಫೋಟೋದ ಆರು ನೇರ ಗುರುತುಗಳು ಬಂದವು. ಈ ಕಡ್ಡಿಗಳು ಕಚ್ಚಿದ್ದರೆ ಚುಕ್ಕಿ ಬೀಳುತ್ತಿದ್ದವು, ಗೆರೆಯಲ್ಲ. ಕಚ್ಚುವುದಿರಲಿ, ಮೆತ್ತಗಿನ ಅನ್ನಕ್ಕೂ ಇವು ನಡುಗುತ್ತವೆ.

ಹುಡುಗಿ ಅಲ್ಲ. ಹಾಗಾದರೆ ತಂದೆಯೇ. ಬರುವಾಗ ಮಗಳನ್ನು ಅನುಮಾನಿಸಿ ತಂದೆಯನ್ನು ಬಿಡಿಸಬಹುದೆಂದುಕೊಂಡಿದ್ದಳು. ಈಗ ಮಗಳು ಉಳಿದಳು, ತಂದೆ ಮುಳುಗಿದ.

"ಅಪ್ಪಂಗೆ ಹೇಳಬೇಡಿ ಮೇಡಂ," ನವ್ಯಶ್ರೀ ಮಾಸ್ಕನ್ನು ಮೇಲೆಳೆದುಕೊಂಡಳು. "ಒಳಗೆ ಬಿಳಿ ಹಲ್ಲಿದೆ, ಮದುವೆ ಮುರಿದ ಬೇಜಾರಿಗೆ ಮುಖ ಮುಚ್ಕೊಂಡಿದೀನಿ ಅಂದ್ಕೊಂಡಿದಾರೆ. ಅಷ್ಟಾದ್ರೂ ಇರಲಿ. ಅವರೇ ಕೈ ಹಿಡಿದು ಕರ್ಕೊಂಡು ಹೋಗಿದ್ದು ನನ್ನ ಅಲ್ಲಿಗೆ."

*

ಎರಡು ಗಂಟೆ ದಾಟಿತ್ತು. ಠಾಣೆಯ ಮೇಜಿನ ಮೇಲೆ ಅಶ್ವಥ್ ತನ್ನ ಸಾಮಾನು ಬಿಚ್ಚಿಟ್ಟಿದ್ದ: ಅಚ್ಚಿನ ಪುಡಿ, ರಬ್ಬರ್ ಬಟ್ಟಲು, ಲಾಳದ ಆಕಾರದ ಉಕ್ಕಿನ ತಟ್ಟೆ. ದೇವರಾಜು ಪಕ್ಕದಲ್ಲಿ ಕಾಗದ, ಪೆನ್ನು ಹಿಡಿದು ಕೂತಿದ್ದ. ನಡೆದದ್ದನ್ನು ಬರೆದುಕೊಳ್ಳಲು ನಯನಾ ಹೇಳಿದ್ದಳು. ಬಾಗಿಲಲ್ಲಿ ಮಹಿಳಾ ಪೇದೆ ಮಾರಕ್ಕ ನಿಂತಿದ್ದಳು.

ಬೆಳಿಗ್ಗೆ ತರಿಸಿದ ಇಡ್ಲಿ ತಟ್ಟೆಯಲ್ಲಿ ಹಾಗೇ ಇತ್ತು. ಒಂದರ ಅಂಚನ್ನು ಮಾತ್ರ ಯಾರೋ ಚಿವುಟಿ, ಒತ್ತಿ ಅಪ್ಪಚ್ಚಿ ಮಾಡಿದ್ದರು.

"ಇದೆಲ್ಲ ಯಾಕೆ ಮೇಡಂ?" ದೇವರಾಜು ಗಡಿಯಾರ ನೋಡಿದ. "ಒಪ್ಕೊಂಡವ್ನೆ. ಕಚ್ಚಿದ ಜಾಗಾನೂ ತೋರ್ಸವ್ನೆ. ಹೊರಡೋ ಹೊತ್ತಲ್ಲಿ..."

"ಐದು ನಿಮಿಷ."

"ಕೆಂಪಯ್ಯನವರೇ, ಬಾಯಿ ಅಗಲ ಮಾಡಿ," ಅಶ್ವಥ್ ತಟ್ಟೆ ಹಿಡಿದು ಬಗ್ಗಿದ.

ಕೆಂಪಯ್ಯ ಬಾಯಿ ತೆರೆದ.

"ಇನ್ನೂ ಅಗಲ."

"ಇಷ್ಟೇಯ ಸಾರ್."

"ನಾಚ್ಕೋಬೇಡಿ. ಪೂರ್ತಿ ತೆಗೀರಿ."

"ಪೂರ್ತಿನೇ ತೆಗ್ದಿವ್ನಿ."

ತಟ್ಟೆ ಹಲ್ಲಿಗೆ ತಗುಲಿ ಠಣ್ ಎಂದಿತು. ಅಶ್ವಥ್ ಅದನ್ನು ಅಡ್ಡ ತಿರುಗಿಸಿ ನೋಡಿದ, ಓರೆ ಮಾಡಿ ನೋಡಿದ. ಒಳಗೆ ಹೋಗಲಿಲ್ಲ. ತಟ್ಟೆ ಕೆಳಗಿಟ್ಟು, ಕೈಗವಸು ಸರಿಮಾಡಿಕೊಂಡು, ಟಾರ್ಚ್ ಹಿಡಿದು ಕೆನ್ನೆಯ ಒಳಮೈ ನೋಡಿದ. ಬಿಳಿಚಿಕೊಂಡ, ಹಗ್ಗದ ಹಾಗೆ ಬಿಗಿದ ಪಟ್ಟಿಗಳು.

"ನಿಮ್ಮ ಬೆರಳು ಮೂರನ್ನ ಒಂದರ ಮೇಲೊಂದಿಟ್ಟು ಬಾಯೊಳಗೆ ಹಾಕಿ ನೋಡೋಣ."

ಕೆಂಪಯ್ಯ ಒಂದು ಬೆರಳು ಹಾಕಿದ. ಎರಡನೆಯದು ಹೊರಗೇ ಉಳಿಯಿತು.

"ಎಷ್ಟು ವರ್ಷದಿಂದ ಹೀಗಿದೆ?"

"ಏನು ಹಿಂಗೆ?"

"ಬಾಯಿ ತೆರೆಯೋಕಾಗದೆ ಇರೋದು!"

"ಓ ಅದಾ." ಕೆಂಪಯ್ಯ ನಿರಾಳವಾಗಿ ಹೇಳಿದ. "ಅದೇನ್ ದೊಡ್ ವಿಷ್ಯ ಸಾರ್. ನಮ್ ಬೀದೀಲಿ ಎಲ್ರುದೂ ಹಂಗೇಯ. ಹುಳದ ವಾಸ್ನೆಗೆ ದಿನಾ ಅಡಿಕೆ ಹಾಕ್ತೀವಲ್ಲ, ದವಡೆ ಹಿಡ್ಕೊಂಬುಡ್ತದೆ. ಖಾರ ತಿಂದ್ರೆ ಒಸಿ ಉರೀತದೆ. ರೊಟ್ಟಿ ಬುಟ್ಟು ಭಾಳ ದಿನ ಆಯ್ತು. ಮುದ್ದೆನ ಬಿಲ್ಲೆ ಥರ ತಟ್ಕೊಂಡು ತಳ್ಳದು, ನುಂಗದು."

"ಇದು ಕಾಯಿಲೆ ಕಣಯ್ಯಾ. ಮುಂದೆ ಕ್ಯಾನ್ಸರ್ ಆಗಬಹುದು ಇದು."

"ಕಾಯ್ಲೆ ಅಂದ್ರೆ ನೋವಿರ್ಬೇಕಲ್ವಾ ಸಾರ್?"

ಒಂದು ಬೀದಿಯ ಜನ ಬಾಯಿ ಮುಚ್ಚುತ್ತ ಬಂದದ್ದು ಆ ಬೀದಿಗೇ ಗೊತ್ತಾಗಿರಲಿಲ್ಲ. ಎಲ್ಲರ ಬಾಯಿಯೂ ಅಷ್ಟೇ ತೆರೆಯುವ ಕಡೆ, ಬಾಯಿ ಅಷ್ಟೇ ಎಂದುಕೊಳ್ಳುವುದು ಸಹಜ. 'ಕಚ್ಚಿದೆ' ಎಂದು ಒಪ್ಪಿಕೊಳ್ಳುವಾಗಲೂ ಕೆಂಪಯ್ಯನಿಗೆ, ಕಚ್ಚಲು ಮೊದಲು ಬಾಯಿ ತೆರೆಯಬೇಕೆಂಬುದು ಹೊಳೆದಿರಲಿಲ್ಲ.

ಅಶ್ವಥ್ ಪೆಟ್ಟಿಗೆಯಿಂದ ಉಕ್ಕಿನ ಕ್ಯಾಲಿಪರ್ ತೆಗೆದ. ಅದರ ಎರಡು ಮೂತಿಗಳನ್ನು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಾಗಿಸಿದ. ತಿರುಪು ಬಿಗಿದ. ಹೊರತೆಗೆದು ಓದಿದ. ತಿರುಪು ಸಡಿಲಿಸಿ, ಮೊದಲಿನಿಂದ ಮತ್ತೊಮ್ಮೆ ಅಳೆದ. ಅದೇ ಬಂತು. ಅದನ್ನು ನಯನಾಳ ಮುಂದೆ ಇಟ್ಟ.

ನಯನಾ ನೋಡಿದಳು.

"ಕೆಂಪಯ್ಯನವರೇ, ನೀವು ಕಚ್ಚಿಲ್ಲ. ಡಾಕ್ಟರ ಕೈ ದಪ್ಪ ಮೂವತ್ತೊಂದು ಮಿಲಿಮೀಟರ್, ಅದು ನಿಮ್ಮ ಬಾಯೊಳಗೆ ಹೋಗೋದೇ ಇಲ್ಲ."

"ಕಚ್ಚಿವ್ನಿ!" ಅವನು ಗಾಬರಿಯಾದ. "ನಾನೇಯ! ಬೇರೆ ಯಾರೂ ಅಲ್ಲ!"

"ಬೇರೆ ಯಾರು ಅಂತ ಅಂದ್ಕೊಂಡಿದೀರಿ? ನವ್ಯಾನಾ?"

ಅವನು ಎರಡೂ ಕೈ ಜೋಡಿಸಿದ. "ಅವ್ಳ ಹೆಸ್ರು ಎತ್ತಬ್ಯಾಡಿ ತಾಯಿ. ನಿಮ್ ಕಾಲಿಗೆ ಬೀಳ್ತೀನಿ."

"ಅವಳೂ ಕಚ್ಚಿಲ್ಲ. ಕಚ್ಚೋಕೆ ಅವಳಿಗೆ ಆಗೋದೇ ಇಲ್ಲ."

"ಯಾಕಾಗಲ್ಲ? ಒಳ್ಳೆ ಹಲ್ಲು ಹಾಕ್ಸಿವ್ನಿ ನಾನು. ಬೆಳ್ಳಗೆ, ಸಾಲಾಗಿ..."

ಮಗಳು ಹೇಳಬೇಡಿ ಎಂದಿದ್ದಳು. ಗಡಿಯಾರದಲ್ಲಿ ಎರಡೂವರೆ. ನಯನಾ ಹೇಳಿದಳು. ಎಷ್ಟು ಮೆತ್ತಗೆ ಹೇಳಿದರೂ ಅದು ಮೆತ್ತಗಾಗುವ ಸುದ್ದಿಯಾಗಿರಲಿಲ್ಲ.

ಕೆಂಪಯ್ಯ ಇಡ್ಲಿಯ ತಟ್ಟೆಯತ್ತ ನೋಡಿದ.

"ಹಲ್ಲೇ ಇಲ್ವಾ?" ಎಂದ. "ದಿನಾ ಒಂದೇ ಮನೇಲಿ ಉಣ್ತೀವಲ್ಲವ್ವಾ."

"ಅವಳು ಉಣ್ಣೋದನ್ನ ನೀವು ನೋಡಿದೀರಾ?"

"ನಾನು ಗ್ವಾಡೆ ಕಡೀಕೆ ತಿರಿಕ್ಕೊಂಡು ಉಣ್ಣೋನು. ಮುದ್ದೆ ತಳ್ಕೊಳ್ಳೋದ ನೋಡಿದ್ರೆ ಮಗ ಬೇಜಾರು ಮಾಡ್ಕೋತದೆ ಅಂತ." ಅವನು ಇಡ್ಲಿಯ ತಟ್ಟೆಯನ್ನು ದೂರ ಸರಿಸಿದ. "ಅವ್ಳೂ ಅಂಗೇ ತಿರಿಕ್ಕೊಂಡಿದ್ಲಾ ಹಂಗಾದ್ರೆ."

ಮಾರಕ್ಕ ಬಾಗಿಲ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು.

ನಯನಾ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ಈಗ ಯಾರನ್ನೂ ಕಾಪಾಡೋದು ಬೇಕಾಗಿಲ್ಲ. ಒಂದೇ ಒಂದು ಮಾತು ನಿಜ ಹೇಳಿ. ಡಾಕ್ಟರ ಕೈ ಮೇಲೆ ಹಲ್ಲಿನ ಗುರುತು ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಕೆಂಪಯ್ಯ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಕೃತಜ್ಞತೆಯಿಂದ ದೇವರಾಜುವಿಗೆ ಕೈ ಮುಗಿದ.

"ಇವ್ರ ಉಪ್ಕಾರ ಕಣವ್ವ. ಇವ್ರು ಹೇಳ್ದೆ ಇದ್ದಿದ್ರೆ ಮಗಳನ್ನ ಎಳ್ಕೊಂಡು ಬತ್ತಿದ್ರಿ ನೀವು. 'ಡಾಕ್ಟರ್ ಬಿದ್ದು ಸತ್ತವ್ನೆ, ಅವನ ಕೈ ಅಂಚಲ್ಲಿ, ಕಿರುಬೆರಳ ಕೆಳ್ಗೆ, ನಿನ್ ಮಗಳ ಹಲ್ಲು ಬಿದ್ದೈತೆ ಕಣೋ ಕೆಂಪಯ್ಯ, ಹೆಣ್ ಮಗ ಜೈಲಿಗೆ ಹೋದ್ರೆ ಬದ್ಕಲ್ಲ, ನೀನು ಒಪ್ಕೊಂಬುಡು, ಕರೆಯೋಗಂಟ ಬಾಯಿ ಬಿಡಬ್ಯಾಡ' ಅಂದ್ರು. ದೇವ್ರು ಬಂದಂಗೆ ಬಂದ್ರು."

"ಮೇಡಂ, ಇವನಿಗೆ ತಲೆ ಕೆಟ್ಟೈತೆ..." ದೇವರಾಜು ನಕ್ಕ. ನಗು ಅರ್ಧಕ್ಕೇ ನಿಂತಿತು.

"ಎಲ್ಲಿಗೆ ಬಂದ್ರು?" ನಯನಾ ಅವನ ಕಡೆ ನೋಡದೆ ಕೇಳಿದಳು.

"ಬಸ್ ಸ್ಟಾಂಡಿಗೆ. ನಾನು ಆ ಫ್ಲೆಕ್ಸ್ ಕೊಯ್ತಾ ಇದ್ದೆ. ಬೈಕ್ ನಿಲ್ಲಿಸ್ಬುಟ್ಟು ಹತ್ರ ಬಂದ್ರು."

"ಯಾವತ್ತು?"

"ಅವತ್ತೇಯ. ಶುಕ್ರವಾರ. ದೀಪ ಹಚ್ಚೋ ಹೊತ್ತು."

ಇಕ್ರಾ ಬಾಗಿಲು ತೆಗೆದದ್ದು ಶನಿವಾರ ಬೆಳಿಗ್ಗೆ. ಡಾಕ್ಟರ್ ಸತ್ತಿದ್ದಾನೆಂದು ಊರಿಗೆ ಗೊತ್ತಾದದ್ದು ಅದರ ನಂತರ. ಶುಕ್ರವಾರ ದೀಪ ಹಚ್ಚುವ ಹೊತ್ತಿನಲ್ಲಿ ಆ ಕೈಯ ಮೇಲೆ ಹಲ್ಲುಗುರುತು ಇದೆಯೆಂದು ಹೇಳಬಲ್ಲವರು, ಆ ಕೋಣೆಯಲ್ಲಿ ಇದ್ದವರು ಮಾತ್ರ.

ಅಶ್ವಥ್ ನಿಧಾನವಾಗಿ ತಲೆಯೆತ್ತಿ ಹೆಡ್ ಕಾನ್‌ಸ್ಟೇಬಲನ ಬಾಯಿಯ ಕಡೆ ನೋಡಿದ. ದೇವರಾಜು ತುಟಿ ಮುಚ್ಚಿಕೊಂಡ.

"ಮಾರಕ್ಕ," ನಯನಾ ಅಂದಳು, "ಬಾಗಿಲು ಹಾಕು. ಚಿಲಕ ಹಾಕಿ ಅಲ್ಲೇ ನಿಂತ್ಕೊ."

ಚಿಲಕ ಬಿತ್ತು. ಕೆಂಪಯ್ಯನೊಬ್ಬನಿಗೆ ಏನೂ ಅರ್ಥವಾಗಲಿಲ್ಲ, ಮುಗಿದ ಕೈ ಇನ್ನೂ ಮುಗಿದೇ ಇತ್ತು.

"ಯಾಕೆ ನಿಲ್ಲಿಸಿದ್ರಿ ದೇವರಾಜು? ಶುಕ್ರವಾರ ಡಾಕ್ಟರ ಹತ್ರ ಏನು ಮಾತಾಡೋಕೆ ಹೋಗಿದ್ರಿ ಅಂತ ಆಮೇಲೆ ಕೇಳ್ತೀನಿ. ಅಳತೆ ಬರೆಯೋದು ಬಾಕಿ ಇದೆ. ಬರ್ಕೊಳ್ಳಿ."

ದೇವರಾಜುವಿನ ಪೆನ್ನು ಕಾಗದದ ಮೇಲೆ ಒಂದೇ ಕಡೆ ಊರಿ ನಿಂತಿತ್ತು. ಸುತ್ತ ಮಸಿ ಹರಡುತ್ತಿತ್ತು.

ನಯನಾ ಕ್ಯಾಲಿಪರ್ ಎತ್ತಿಕೊಂಡು, ಬೆಳಕಿಗೆ ಹಿಡಿದು, ಒಂದೊಂದೇ ಪದ ಬಿಡಿಸಿ ಓದಿದಳು.

"ಕೆಂಪಯ್ಯ, ವಯಸ್ಸು ಐವತ್ತೆಂಟು. ಬಾಯಿ ಪೂರ್ತಿ ತೆರೆದಾಗ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವಿನ ಅಂತರ, ಹದಿನೇಳು ಮಿಲಿಮೀಟರ್."